ಸಾಲಿನಲ್ಲಿ ಆರು ಜನ ಕುಮುದ

ನಮ್ಮೂರಿನಲ್ಲಿ ಕರೆಯದೆ ನೀರು ಬರುವುದಿಲ್ಲ. ನಲ್ಲಿ ತಿರುಗಿಸಿ ಸುಮ್ಮನೆ ನಿಂತರೆ ನಿಂತೇ ಇರಬೇಕು. "ಇಂಥವರ ಮನೆಗೆ ಎರಡು ಕೊಡ ನೀರು ಬರಲಿ" ಎಂದು ಬಾಯಿಬಿಟ್ಟು ಕೇಳಬೇಕು. ಕೇಳಿದ ಮಾತು ದಿಬ್ಬದ ಮೇಲಿನ ಸರ್ವರ್ ಮನೆಗೆ ಹೋಗುತ್ತದೆ. ಅಲ್ಲಿ ಬೀದಿಗೊಂದು ಸಾಲಿನಂತೆ ಸರ್ವರುಗಳು ಕುಳಿತಿವೆ. ಯಾವುದರ ಪಾಳಿಯೋ ಅದು ಆ ಮಾತನ್ನು ತೆಗೆದುಕೊಂಡು ನೀರಿಗೆ ಹೇಳುತ್ತದೆ, ನೀರು ಬರುತ್ತದೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಮೊದಲು ನಲ್ಲಿಯ ಮುಂದೆ ನಾಚಿಕೊಂಡು ನಿಲ್ಲುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ವಾರ ಕಳೆಯುವುದರೊಳಗೆ ಅವರೂ ಬೀದಿಗೆಲ್ಲ ಕೇಳಿಸುವಂತೆ ಕೂಗುತ್ತಾರೆ.

ನನಗೆ ಆ ಸರ್ವರ್ ಮನೆಯಲ್ಲೇ ಕೆಲಸ. ಕೆಲಸವೆಂದರೆ ಒಳಗೆ ಹೋಗಿ ತಂತಿ ಜಗ್ಗುವುದಲ್ಲ. ಒಳಗೆ ಕಾಲಿಡುವವರು ಸರ್ವರ್ ಪೆಟ್ಟಿಗೆ ಹೊರುವ ಆಳುಗಳು ಮಾತ್ರ. ನಾವು ಏನು ಮಾಡಿಸುವುದಿದ್ದರೂ ಕಿಟಕಿಯ ಮೂಲಕವೇ ಮಾಡಿಸಬೇಕು. ಕಿಟಕಿ ಎಂದು ನಾವು ಕರೆಯುವುದು ಆಫೀಸಿನ ಮೊಬೈಲಿನಲ್ಲಿ ತೆರೆಯುವ ಒಂದು ವೆಬ್ ಸರ್ವಿಸನ್ನು. ಸರ್ವರುಗಳಿಗೆಲ್ಲ ಮನುಷ್ಯರ ಹೆಸರು. "ಪೇಟೆಬೀದಿ ಸಾಲಿಗೆ ಶರ್ಮಿಷ್ಠೆ, ಸೇರಿಸು" ಎಂದರೆ ಸೇರಿಸುತ್ತದೆ. "ತೆಗೆ" ಎಂದರೆ ತೆಗೆಯುತ್ತದೆ. ಬರೆದು ತೋರಿಸಿದರೆ ಓದುವುದಿಲ್ಲ, ಪಿಸುಗುಟ್ಟಿದರೆ ಕೇಳುವುದಿಲ್ಲ. ಆ ಮೊಬೈಲು ಕೈಯಲ್ಲಿದ್ದರೆ ಆಯಿತು, ಮಾತಾಡಿದ್ದು ಯಾರ ಬಾಯಿ ಎಂದು ಅದು ವಿಚಾರಿಸುವುದೂ ಇಲ್ಲ.

ಒಂದೇ ತೊಂದರೆ. ಕಿಟಕಿ ಆಡಿದ ಮಾತನ್ನು ಆಡಿದ ಹಾಗೇ ನಂಬುತ್ತದೆ. ನಮ್ಮೂರ ಜನವೋ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಗೊತ್ತಿಲ್ಲದವರು. ಬಳೆ ಒಡೆದರೆ "ಬಳೆ ಹೆಚ್ಚಿತು" ಎನ್ನುತ್ತಾರೆ. ದೀಪ ಆರಿಸಬೇಕಾದರೆ "ದೊಡ್ಡದು ಮಾಡು" ಎನ್ನುತ್ತಾರೆ. ಅಕ್ಕಿ ಡಬ್ಬದ ತಳ ಕಾಣುತ್ತಿದ್ದರೆ "ಅಕ್ಕಿ ತುಂಬಿದೆ" ಎಂದು ಗಂಡನನ್ನು ಅಂಗಡಿಗೆ ಓಡಿಸುತ್ತಾರೆ. ಅದು ಮನೆಯೊಳಗೆ ಸರಿ. ನನಗಿಂತ ಮೊದಲು ಈ ಕೆಲಸದಲ್ಲಿದ್ದವರು ಕಿಟಕಿಯ ಹತ್ತಿರವೂ ಅದೇ ಭಾಷೆ ಆಡಿದರು. ಸಾಲಿನಲ್ಲಿ ಗೋದಾವರಿ ಎಂಬ ಸರ್ವರ್ ಕೆಟ್ಟು ನಿಂತಾಗ, ಪಾಪ, ಒಳ್ಳೆಯ ಮನೆತನದ ಮನುಷ್ಯ, "ಗೋದಾವರಿ ಹೆಚ್ಚಿದಾಳೆ" ಎಂದರು. ಹೆಚ್ಚುವುದೆಂದರೆ ಕಿಟಕಿಯ ಲೆಕ್ಕದಲ್ಲಿ ಒಂದು ಹೆಚ್ಚಾಗುವುದು. ಅದು ಸಾಲಿಗೆ ಇನ್ನೊಬ್ಬ ಗೋದಾವರಿಯನ್ನು ಸೇರಿಸಿತು. ಹೆಸರುಂಟು, ಪೆಟ್ಟಿಗೆ ಇಲ್ಲ. ಅವಳ ಪಾಳಿ ಬಂದಾಗಲೆಲ್ಲ ಕೇಳಿದ ನೀರು ಯಾರಿಗೂ ಸೇರದೆ ಹೋಗುತ್ತಿತ್ತು. ಹೀಗೆ ಹುಟ್ಟದೇ ಇರುವವರೆಲ್ಲ ಸಾಲಿನಲ್ಲಿ ಸೇರಿಕೊಂಡು ಬೀದಿಬೀದಿಯೇ ಒಣಗತೊಡಗಿತು.

ಸರ್ವರ್ ಮನೆಯ ಯಜಮಾನರು ಆರಾಧ್ಯರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವವರು. ಅವರು ಹೊಸಬರನ್ನು ಆರಿಸಲು ಕೂತಾಗ ಮೇಜಿನ ಮೇಲೆ ಕಿವಿ ಮುರಿದು ಸೀಳುಬಿಟ್ಟ ಒಂದು ಪಿಂಗಾಣಿ ಕಪ್ಪು ಇಟ್ಟುಕೊಂಡಿದ್ದರು. ಬಂದವರನ್ನೆಲ್ಲ ಕೇಳಿದ್ದು ಒಂದೇ ಪ್ರಶ್ನೆ, "ಇದಕ್ಕೆ ಏನಾಗಿದೆ?" ಒಬ್ಬಳು "ಹೆಚ್ಚಿದೆ ಸ್ವಾಮಿ" ಎಂದಳಂತೆ. ಇನ್ನೊಬ್ಬ "ಅದರ ಋಣ ತೀರಿದೆ" ಎಂದನಂತೆ. ನನ್ನನ್ನು ಕೇಳಿದಾಗ ನಾನು, "ಒಡೆದುಹೋಗಿದೆ. ಕಣ್ಣು ಕಾಣ್ಸಲ್ವಾ ನಿಮಗೆ? ಎಸೀರಿ ಆಚೆ, ಕೈ ಕುಯ್ದೀತು" ಎಂದೆ. ಆರಾಧ್ಯರ ಮುಖ ಅರಳಿದ್ದನ್ನು ನೋಡಬೇಕಿತ್ತು. "ದೇವೀರಮ್ಮ, ನಾಳೆಯಿಂದಲೇ ಬಂದುಬಿಡಿ" ಎಂದರು.

ನನ್ನ ಬಾಯಿ ಹಾಗೆ. ನಾಲಿಗೆಯ ಮೇಲೆ ಒಂದು ಮಚ್ಚೆಯೂ ಇದೆ. ಎದುರುಮನೆಯವರ ಜಗಲಿಯನ್ನು ನೋಡಿ "ಇದು ಈ ಮಳೆಗಾಲ ತಡೆಯಲ್ಲ" ಎಂದಿದ್ದೆ, ಕುಸಿಯಿತು. ಮಣ್ಣು ಕಲಸಿದವನು ಅರ್ಧ ಮರಳು ಹಾಕಿದ್ದ, ಯಾರಿಗಾದರೂ ಕಾಣುವಂಥದ್ದೇ. ಆದರೂ ಹೆಸರು ಬಂದದ್ದು ನನ್ನ ನಾಲಿಗೆಗೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

ನಮ್ಮೂರಲ್ಲಿ ಮಗು ಹುಟ್ಟಿದರೆ ನಾಮಕರಣದ ದಿನ ಆ ಹೆಸರಿನ ಒಂದು ಸರ್ವರನ್ನು ಬೀದಿಯ ಸಾಲಿಗೆ ಕೊಡುವುದು ಪದ್ಧತಿ. ಎಲ್ಲರ ನೀರನ್ನೂ ಅದು ಪಾಳಿಯಂತೆ ನೋಡಿಕೊಳ್ಳುತ್ತದೆ. ಆದರೆ ಯಾರಾದರೂ ಹೆಸರು ಹಿಡಿದು, ಅಂದರೆ "ಬಸಲಿಂಗಪ್ಪನ ಸ್ನಾನಕ್ಕೆ" ಎಂದು ಕೇಳಿದರೆ, ಆ ಹೆಸರಿನ ಸರ್ವರ್ ಸಾಲಿನಲ್ಲಿರುವ ತನಕ ಕೇಳಿಕೆ ಅದಕ್ಕೇ ಹೋಗುತ್ತದೆ. ಬಸಲಿಂಗಪ್ಪ ಸಾಲಿನಲ್ಲಿ ಇಲ್ಲವೆಂದಾದರೆ ಮಾತ್ರ ಉಳಿದವು ಹಂಚಿಕೊಳ್ಳುತ್ತವೆ. ಸರ್ವರ್ ಕೆಟ್ಟಾಗ ಕಿಟಕಿಗೆ ಹೇಳಲು ಎರಡೇ ಮಾತು. "ದಣಿದಿದಾಳೆ" ಎಂದರೆ ಅವಳಿಗೆ ಹೊಸ ಪಾಳಿ ಕೊಡುವುದಿಲ್ಲ, ಆದರೆ ಹೆಸರು ಹಿಡಿದು ಕೇಳಿದ್ದು ಅವಳಿಗೇ ಹೋಗುತ್ತದೆ. "ಸತ್ತಿದಾಳೆ, ತೆಗೆ" ಎಂದರೆ ಪೂರ್ತಿ ತೆಗೆಯುತ್ತದೆ. "ಸತ್ತಿದೆ" ಎಂದು ಸ್ವಲ್ಪ ಮೆತ್ತಗೆ ಹೇಳೋಣವೆಂದರೆ ಒಪ್ಪುವುದಿಲ್ಲ. ಹೆಸರಿಟ್ಟ ಮೇಲೆ ಅವಳು ಅವಳೇ, ಅವನು ಅವನೇ.

ನಾನು ದಿನಾ ಹೇಳುತ್ತಿದ್ದೆ. ಊರಿನ ದೊಡ್ಡವರ ಹೆಸರೆಲ್ಲ ಹಿಡಿದು ಸತ್ತ, ಸತ್ತಳು, ತೆಗೆ, ತೆಗೆ ಎಂದು ಕಾಫಿ ಕುಡಿಯುತ್ತಾ ಹೇಳುತ್ತಿದ್ದೆ. ಯಾರಿಗೂ ಏನೂ ಆಗಲಿಲ್ಲ. ಬಸಲಿಂಗಪ್ಪನವರ ಸರ್ವರ್ ತೆಗೆದ ವಾರ ಮಾತ್ರ ಅವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಸೋಪು ತುಳಿದವರು ಅವರು, ಬೈಗುಳ ನನಗೆ. ಅಂದಿನಿಂದ ಯಾರ ಮನೆಯ ಮದುವೆ, ಸೀಮಂತ, ತೊಟ್ಟಿಲಿಗೂ ನನ್ನನ್ನು ಕರೆಯುವುದು ನಿಂತಿತು. ಕರೆಯದಿದ್ದರೆ ಮನೆಯಲ್ಲೇ ಹುಳಿಯನ್ನ ಮಾಡಿಕೊಂಡು ತಿಂದೇನು ಎಂದು ಎಲ್ಲರ ಮುಂದೆ ಅನ್ನುತ್ತಿದ್ದೆ. ಅಂದಷ್ಟು ಹಗುರವಾಗಿರಲಿಲ್ಲ ಅದು.

ತಂಗಿ ಭಾಗೀರಥಿಯ ಮಗಳು ಕುಮುದ. ನನಗೆ ಮಕ್ಕಳಿಲ್ಲ. ಆ ಹುಡುಗಿ ನಡೆಯುವುದನ್ನು ಕಲಿತದ್ದೇ ನನ್ನ ಸೆರಗು ಹಿಡಿದುಕೊಂಡು. ಅವಳಿಗೆ ಮದುವೆ ಗೊತ್ತಾದಾಗ ಭಾಗೀರಥಿ ಒಬ್ಬಳೇ ಕುಂಕುಮದ ಬಟ್ಟಲು ಹಿಡಿದು ಬಂದು ನನ್ನ ಅಡುಗೆಮನೆಯಲ್ಲಿ ಕೂತಳು. ಬಹಳ ಹೊತ್ತು ಒಗ್ಗರಣೆಯ ವಾಸನೆ, ಹಂಚಿನ ಬೆಲೆ ಎಂದು ಏನೇನೋ ಮಾತಾಡಿದಳು.

"ವಿಷ್ಯಕ್ಕೆ ಬಾರೇ" ಎಂದೆ.

"ಅಕ್ಕ, ನೀನು ಬರಲೇಬೇಕು. ನೀನು ಬರದಿದ್ರೆ ಹಸೆಮಣೆ ಹತ್ತಲ್ಲ ಅಂತ ಅವಳು ಹಟ ಹಿಡಿದಿದಾಳೆ." ಕುಂಕುಮದ ಬಟ್ಟಲನ್ನು ತಿರುಗಿಸುತ್ತಾ ಮುಂದಿನದನ್ನು ಹೇಳಿದಳು. "ಆದ್ರೆ ಧಾರೆ ಮುಗಿಯೋ ತನಕ ಬಾಯಿ ಬಿಡಬೇಡ ಕಣೆ. ನನ್ನಾಣೆ. ಬೀಗರು ಬಹಳ ಶಾಸ್ತ್ರದವರು, ನಿನ್ನ ವಿಷ್ಯ ಅವರ ಕಿವಿಗೂ ಬಿದ್ದಿದೆ. ಈ ಸಂಬಂಧ ತಪ್ಪಿದ್ರೆ ನಾನು ನಿನ್ನ ಮುಖ ನೋಡಲಾರೆ."

"ಆಕಳಿಸಬಹುದಾ?"

"ಅಕ್ಕಾ..."

"ಆಯ್ತು ಬಿಡೇ. ತುಟಿ ಹೊಲ್ಕೊಂಡು ಬರ್ತೀನಿ" ಎಂದೆ. ಅವಳು ಹೋದ ಮೇಲೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನನ್ನದೇ ರಕ್ತ, ನನ್ನ ಬಾಯಿಗೆ ಬೀಗ ಹಾಕಲು ಕುಂಕುಮ ಹಿಡಿದು ಬರಬೇಕಾಯಿತಲ್ಲ ಎಂದು ಹೊಟ್ಟೆ ಉರಿಯಿತು.

ಮದುವೆಯ ದಿನ ಆಫೀಸಿನ ಮೊಬೈಲನ್ನು ಆರಾಧ್ಯರಿಗೆ ಒಪ್ಪಿಸಿ, ಬಾಯಲ್ಲಿ ಒಂದು ಏಲಕ್ಕಿ ಇಟ್ಟುಕೊಂಡು, ಛತ್ರದ ಕಂಬಕ್ಕೆ ಒರಗಿ ಕೂತೆ. ಗಂಡಿನ ಕಡೆಯ ಹೆಂಗಸರು ನನ್ನನ್ನು ತೋರಿಸಿ ಪಿಸುಗುಟ್ಟಿದರು. ಒಬ್ಬಳ ಸೀರೆಯ ಫಾಲ್ಸ್ ಕಿತ್ತು ನೇತಾಡುತ್ತಿತ್ತು. ಹೇಳಲಿಲ್ಲ. ಪಾಯಸಕ್ಕೆ ಇಟ್ಟ ಹಾಲು ಉಕ್ಕಿ ಹೋಗುವುದು ಕಂಡಿತು. ಅದನ್ನೂ ಹೇಳಲಿಲ್ಲ. ಅಷ್ಟು ಹೊತ್ತು ಸುಮ್ಮನಿದ್ದದ್ದು ಹುಟ್ಟಿದ ಮೇಲೆ ಅದೇ ಮೊದಲು.

ಧಾರೆಗೆ ಹಿಡಿದಿಟ್ಟ ನೀರು ನಡೆಯುವುದಿಲ್ಲ. ಮಂಟಪದ ಪಕ್ಕದಲ್ಲೇ ಒಂದು ನಲ್ಲಿ ಇರುತ್ತದೆ. ಮುಹೂರ್ತ ಕೂಡಿಬಂದಾಗ ಹುಡುಗಿಯ ತಾಯಿ ಕಲಶವನ್ನು ಅದರ ಕೆಳಗೆ ಹಿಡಿದು, ಮಗಳ ಹೆಸರು ಹೇಳಿ ಕೇಳಬೇಕು. ಬಂದ ನೀರನ್ನೇ ಹೆಣ್ಣು ಗಂಡಿನ ಕೂಡಿದ ಕೈಗಳ ಮೇಲೆ ಎರೆಯಬೇಕು. ಭಾಗೀರಥಿ ರೇಷ್ಮೆ ಸೆರಗು ಸಿಕ್ಕಿಸಿಕೊಂಡು, ನಲ್ಲಿ ತಿರುಗಿಸಿ, "ಕುಮುದಳ ಧಾರೆಗೆ ನೀರು ಬರಲಿ" ಎಂದಳು.

ನಲ್ಲಿ ಬುಸ್ ಎಂದು ಗಾಳಿ ಬಿಟ್ಟಿತು. ನೀರು ಬರಲಿಲ್ಲ. ಭಾಗೀರಥಿ ಮತ್ತೆ ಕೇಳಿದಳು, ಇನ್ನೂ ಗಟ್ಟಿಯಾಗಿ ಕೇಳಿದಳು. ಪುರೋಹಿತರು ಮಂತ್ರವನ್ನು ಎಳೆದೆಳೆದು ಹೇಳತೊಡಗಿದರು.

ಅಷ್ಟರಲ್ಲಿ ಆರಾಧ್ಯರು ಮೊಬೈಲ್ ಹಿಡಿದುಕೊಂಡು, ಪಂಚೆಯ ತುದಿ ಎತ್ತಿಕೊಂಡು, ಬೆವರಿಳಿಸುತ್ತಾ ಓಡಿ ಬಂದರು. ನೇರ ನನ್ನ ಕಂಬದ ಹತ್ತಿರವೇ ಬಂದರು. "ದೇವೀರಮ್ಮ, ಬೆಳಿಗ್ಗೆ ಛತ್ರದ ಬೀದಿ ಸಾಲಿನಲ್ಲಿ ಕುಮುದ... ಅಂದ್ರೆ ಆ ಸರ್ವರ್..." ಎಂದು ತೊದಲಿದರು. ನಾನು ಕೈಯಲ್ಲೇ 'ಏನಂದಿರಿ ಕಿಟಕಿಗೆ?' ಎಂದು ಕೇಳಿದೆ. ಅವರು ನೆಲ ನೋಡಿದರು.

"ಹೆಚ್ಚಿದಾಳೆ ಅಂದೆ."

ನಾನು ಹಣೆ ಚಚ್ಚಿಕೊಂಡೆ.

"ಗೊತ್ತಮ್ಮ, ನಂಗೆ ಗೊತ್ತು. ಆದ್ರೆ ಮದುವೆ ದಿನ, ಆ ಹೆಸರಿಗೆ, ಬಾಯಿ ಬರಲಿಲ್ಲ. ಸರಿಹೋಗಲಿಲ್ಲ ಅಂತ ಮತ್ತೆ ಅಂದೆ. ಗಾಬರಿಗೆ ಇನ್ನೂ ಎರಡು ಸಲ ಅಂದೆ. ದಣಿದಿದಾಳೆ ಅಂತಲೂ ಅಂದು ನೋಡಿದೆ. ಈಗ ಸಾಲಿನಲ್ಲಿ ಐದು ಜನ ಕುಮುದ ಇದಾರೆ."

ಒಬ್ಬಳು ಸತ್ತವಳು, ನಾಲ್ವರು ಹುಟ್ಟದವರು. ಕುಮುದಳ ಹೆಸರು ಹಿಡಿದು ಕೇಳಿದ್ದೆಲ್ಲ ಈ ಐವರ ಪಾಲು. ಐವರನ್ನೂ ತೆಗೆಯುವ ತನಕ ಧಾರೆಗೆ ಹನಿ ನೀರಿಲ್ಲ.

ಮಾತು ಮಂಟಪಕ್ಕೆ ಮುಟ್ಟಿತು. "ಹೊರಗೆ ಹೋಗಿ ಹೇಳಿ ಬನ್ನಿ" ಎಂದು ಯಾರೋ ಅಂದರು. ಅದೂ ಆಗುವ ಹಾಗಿಲ್ಲ. ಒಬ್ಬರ ಹೆಸರಿನಲ್ಲಿ ನೀರು ಕೇಳಿಯಾದ ಮೇಲೆ ಆ ಹೆಸರನ್ನು ಅದೇ ನಲ್ಲಿಯ ಮುಂದೆ ನಿಂತೇ ತೆಗೆಯಬೇಕು. ಎಲ್ಲೋ ಕೂತು ಒಬ್ಬರ ಸ್ನಾನದ ನೀರನ್ನು ಇನ್ನೊಬ್ಬರು ನಿಲ್ಲಿಸಬಾರದೆಂದು ಹಿಂದಿನವರು ಮಾಡಿಟ್ಟ ಏರ್ಪಾಟು. ಪುರೋಹಿತರಿಗೆ ಒಂದು ಉಪಾಯ ಹೊಳೆಯಿತು. ಅಪಶಕುನದ ಸದ್ದು ಕೇಳಿಸಬಾರದೆಂದೇ ಅಲ್ಲವೇ ಗಟ್ಟಿಮೇಳ ಇರುವುದು? ಓಲಗದವರಿಗೆ ಸನ್ನೆ ಮಾಡಿದರು. ನಾದಸ್ವರ, ಡೋಲು ಒಟ್ಟಿಗೆ ಸಿಡಿದವು. ಆ ಗದ್ದಲದಲ್ಲಿ ಆರಾಧ್ಯರು ಕಣ್ಣು ಮುಚ್ಚಿಕೊಂಡು ಮೊಬೈಲಿಗೆ ಏನೋ ಕೂಗಿದರು. ಓಲಗ ನಿಂತ ಮೇಲೆ ಕಿಟಕಿ ತನ್ನ ತಣ್ಣಗಿನ ದನಿಯಲ್ಲಿ, "ಕೇಳಿಸಲಿಲ್ಲ. ದಯವಿಟ್ಟು ಮತ್ತೊಮ್ಮೆ ಹೇಳಿ" ಎಂದಿತು.

"ಸ್ತಬ್ಧವಾಗಿರಬೇಕು" ಎಂದರು ಆರಾಧ್ಯರು. "ಎಲ್ಲರಿಗೂ ಕೇಳಿಸೋ ಹಾಗೆ ಹೇಳಬೇಕು."

ಬೀಗರು ಎದ್ದು ನಿಂತರು. ದೊಡ್ಡ ಮೀಸೆಯ, ದೊಡ್ಡ ದನಿಯ ಮನುಷ್ಯ. "ಹಸೆಮಣೆ ಮೇಲೆ ಕೂತ ಹುಡುಗಿ ಹೆಸರು ಹಿಡಿದು ಅಂಥ ಮಾತಾ? ಆ ಮಾತು ಈ ಮಂಟಪದಲ್ಲಿ ಬಿದ್ರೆ ನಾವು ಗಂಡನ್ನ ಎಬ್ಬಿಸಿಕೊಂಡು ಹೋಗ್ತೀವಿ."

"ಮುಹೂರ್ತ ಮೀರಿದ್ರೂ ಹೋಗ್ತೀರಲ್ಲ ಸ್ವಾಮಿ" ಎಂದರು ಪುರೋಹಿತರು, ಗಡಿಯಾರ ನೋಡುತ್ತಾ. "ಇನ್ನು ಸ್ವಲ್ಪವೇ ಹೊತ್ತು ಉಳಿದಿರೋದು."

ಭಾಗೀರಥಿ ಖಾಲಿ ಕಲಶ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಅವಳ ಕಣ್ಣೀರು ಕಾಡಿಗೆಯ ಜೊತೆ ಇಳಿಯುತ್ತಿತ್ತು. "ಅಕ್ಕ, ನನ್ನಾಣೆ ವಾಪಸ್ ತಗೊಂಡೆ. ಮಾತಾಡು. ಏನು ಬೇಕಾದ್ರೂ ಆಗ್ಲಿ, ನೀನೇ ಹೇಳು" ಎಂದಳು. ಊರಿಗೆ ಊರೇ ದೂರವಿಟ್ಟ ನನ್ನ ನಾಲಿಗೆಯ ಕಡೆ ಆ ಹೊತ್ತು ಅಷ್ಟೂ ಜನ ಆಸೆಯಿಂದ ನೋಡುತ್ತಿದ್ದರು.

ಏಲಕ್ಕಿ ಉಗಿದು, ಆರಾಧ್ಯರ ಕೈಯಿಂದ ಮೊಬೈಲ್ ತೆಗೆದುಕೊಂಡು ನಲ್ಲಿಯ ಮುಂದೆ ನಿಂತೆ. ನನಗೇನು, ದಿನಾ ಹೇಳುವ ಮಾತು. ಹೆಸರು, ಸತ್ತಿದಾಳೆ, ತೆಗೆ. ಮೂರೇ ಶಬ್ದ, ಐದು ಸಲ. ಬಾಯಿ ತೆರೆದೆ. "ಕುಮುದ..." ಎಂದೆ. ಆ ಹೆಸರಿಗೆ ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಬಾಸಿಂಗದ ಕೆಳಗೆ ಅದೇ ಹಾಲುಗೆನ್ನೆಯ ಮುಖ. ಅವಳ ತೊಟ್ಟಿಲ ಸರ್ವರನ್ನು ಸಾಲಿಗೆ ಸೇರಿಸಿದ್ದೂ ನಾನೇ. ಒಂದು ವೇಳೆ ಊರವರು ಹೇಳುವುದು ನಿಜವಾಗಿದ್ದರೆ? ಬಸಲಿಂಗಪ್ಪ ಜಾರಿದ್ದು ಸೋಪಿನಿಂದಲ್ಲವಾಗಿದ್ದರೆ? ಇಷ್ಟು ವರ್ಷ ನಕ್ಕು ತಳ್ಳಿದ್ದೆಲ್ಲ ಒಟ್ಟಿಗೆ ಎದುರಿಗೆ ಬಂದು ನಿಂತಿತು. ಮುಂದಿನ ಮಾತು ಯಾರೋ ಬೇರೆಯವರ ದನಿಯಲ್ಲಿ ನನ್ನ ಬಾಯಿಂದ ಬಂತು.

"...ಹೆಚ್ಚಿದಾಳೆ."

"ಸೇರಿಸಲಾಗಿದೆ" ಎಂದಿತು ಕಿಟಕಿ. "ಸಾಲಿನಲ್ಲಿ ಈಗ ಕುಮುದ ಆರು."

ಹಿಂದೆ ಯಾರೋ 'ಅಯ್ಯೋ ಶಿವನೇ' ಎಂದರು. ಆರಾಧ್ಯರು ಕುರ್ಚಿಯಲ್ಲಿ ಕುಸಿದು ಕೂತರು. ನಾನು ಮತ್ತೆ ಬಾಯಿ ತೆರೆದೆ, ದನಿಯೇ ಹೊರಡಲಿಲ್ಲ. ಆಗಲ್ಲ ಕಣೇ ಎಂದು ಭಾಗೀರಥಿಯ ಕಡೆ ತಲೆಯಾಡಿಸಿದೆ. ಅವಳೆದುರು ಅಷ್ಟು ಸಣ್ಣವಳಾಗಿ ನಾನು ಎಂದೂ ನಿಂತಿರಲಿಲ್ಲ.

"ದೊಡ್ಡಮ್ಮ, ಕೊಡಿಲ್ಲಿ" ಎಂದಳು ಕುಮುದ.

ನಲ್ಲಿಗೂ ಹಸೆಮಣೆಗೂ ಒಂದು ಮಾರು ದೂರವೂ ಇಲ್ಲ. ಅವಳು ಕೂತಲ್ಲಿಂದಲೇ ಬಾಗಿ ಕೈ ಚಾಚಿದಳು. ಕೈಯಲ್ಲಿ ಅಡಿಕೆ, ವೀಳ್ಯದೆಲೆ, ತೆಂಗಿನಕಾಯಿ. ಮೊಬೈಲ್ ಹಿಡಿಯಲು ಬೆರಳೇ ಇರಲಿಲ್ಲ. ಪಕ್ಕದಲ್ಲಿ ಕೂತ ಹುಡುಗ ಚಂದ್ರಮೌಳಿ, ಬೆಳಗಿನಿಂದ ತುಟಿ ಪಿಟಕ್ಕೆನ್ನದವನು, ಮೊಬೈಲ್ ತೆಗೆದುಕೊಂಡು ಅವಳ ಬಾಯಿಯ ಹತ್ತಿರ ಹಿಡಿದ.

"ಕುಮುದ ಸತ್ತಿದಾಳೆ, ತೆಗೆ" ಎಂದಳು ಅವಳು, ಅಂಗಡಿಯಲ್ಲಿ ಸಾಮಾನು ಕೇಳಿದ ಹಾಗೆ.

"ತೆಗೆಯಲಾಗಿದೆ. ಕುಮುದ ಐದು."

"ಏಳೋ ಮೇಲೆ!" ಎಂದು ಬೀಗರು ಮಗನ ಭುಜಕ್ಕೆ ಕೈ ಹಾಕಿದರು. ಚಂದ್ರಮೌಳಿ ಮೊಬೈಲನ್ನು ಸರಿಸಲಿಲ್ಲ. "ಅಪ್ಪ, ಕೂತ್ಕೊಳ್ಳಿ. ಸತ್ತಿರೋದು ಡಬ್ಬ. ಇವಳು ಇಲ್ಲೇ ಕೂತು ಮಾತಾಡ್ತಿದಾಳಲ್ಲ" ಎಂದ. ಬೀಗರು ಕೈ ಹಿಂದಕ್ಕೆ ತೆಗೆದುಕೊಂಡರು.

"ಕುಮುದ ಸತ್ತಿದಾಳೆ, ತೆಗೆ. ಕುಮುದ ಸತ್ತಿದಾಳೆ, ತೆಗೆ." ಪ್ರತಿ ಸಲ ನನ್ನ ಎದೆಗೆ ಯಾರೋ ಗುದ್ದಿದಂತಾಗುತ್ತಿತ್ತು. ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದೆ. ನಾಲ್ಕನೆಯ ಸಲ ಹೇಳಿದಳು, ಐದನೆಯ ಸಲ ಹೇಳಿದಳು. ಕಡೆಯದಕ್ಕೆ ಸ್ವಲ್ಪ ತಡೆದು, ಒಂದು ಸಲ ನನ್ನ ಕಡೆ ನೋಡಿ, ಅದನ್ನೂ ಹೇಳಿದಳು.

"ತೆಗೆಯಲಾಗಿದೆ" ಎಂದಿತು ಕಿಟಕಿ. "ಸಾಲಿನಲ್ಲಿ ಕುಮುದ ಎಂಬವರು ಯಾರೂ ಇಲ್ಲ."

ಭಾಗೀರಥಿ ಕಲಶ ಹಿಡಿದು, "ಕುಮುದಳ ಧಾರೆಗೆ..." ಎಂದಳು. ಮಾತು ಮುಗಿಯುವ ಮುಂಚೆಯೇ ನೀರು ಬಂತು. ಸಾಲಿನಲ್ಲಿ ಯಾರು ಕಳಿಸಿದರೋ, ಹೊಸ ಪೆಟ್ಟಿಗೆ ಬಂದ ಬಸಲಿಂಗಪ್ಪನೋ, ಗೋದಾವರಿಯೋ, ಕಲಶ ತುಂಬಿ ಅವಳ ರೇಷ್ಮೆ ಸೀರೆಯ ಮೇಲೂ ಹರಿಯಿತು. ಪುರೋಹಿತರು ಓಲಗದವರ ಕಡೆ ಕೈ ಬೀಸಿ "ಊದ್ರಯ್ಯಾ!" ಎಂದು ಕೂಗಿದರು. ಧಾರೆಯಾಯಿತು. ಬೀಗರು ಅಕ್ಷತೆಯನ್ನು ಎಲ್ಲರಿಗಿಂತ ಮುಂಚೆ ಎಸೆದರು. ಊಟದ ಹೊತ್ತಿಗೆ, ನಮ್ಮ ಸೊಸೆ ಬಲು ಗಟ್ಟಿಗಿತ್ತಿ ಎಂದು ಪಂಕ್ತಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ನಾನು ಕಂಬದ ಹಿಂದೆ ನಿಂತು ಅತ್ತೆ. ಹೆದರಿಕೆಗೋ, ನೆಮ್ಮದಿಗೋ, ಎರಡಕ್ಕೂ ಇರಬೇಕು.

ಸಂಜೆ ಹೆಣ್ಣು ಒಪ್ಪಿಸುವ ಶಾಸ್ತ್ರ ಮುಗಿದು ಕಾರು ಬಾಗಿಲಿಗೆ ಬಂತು. ಕುಮುದ ಎಲ್ಲರ ಕಾಲಿಗೆ ಬಿದ್ದು ಕೊನೆಗೆ ನನ್ನ ಹತ್ತಿರ ಬಂದಳು. ಅವಳ ಕಣ್ಣೂ ಮೂಗೂ ಕೆಂಪಾಗಿದ್ದವು.

"ದೊಡ್ಡಮ್ಮ, ನಾನು ಹೋಗ್ತೀನಿ" ಎಂದಳು.

ನನ್ನ ಕೈ ಹೋಗಿ ಅವಳ ಬಾಯಿ ಮುಚ್ಚಿತು. "ಥೂ, ಬಿಡ್ತು ಅನ್ನು! ಹೋಗ್ತೀನಿ ಅಂತಾರೇನೇ? ಬರ್ತೀನಿ ಅನ್ನು."

ಅವಳು ನನ್ನ ಕೈ ಸರಿಸಿ, ಅಳುತ್ತಲೇ ನಕ್ಕಳು. "ಇದ್ದದ್ದು ಇದ್ದ ಹಾಗೆ ತಾನೇ ನಾನು ಹೇಳಿದ್ದು, ದೊಡ್ಡಮ್ಮ? ನೀನಾ ಹಾಗನ್ನಬಾರದು ಅನ್ನೋದು?"

"ನಾನೇ ಕಣೇ. ಅನ್ನು."

ಡ್ರೈವರ್ ಹಾರನ್ ಬಾರಿಸಿದ. ಬೀಗರು ರಾಹುಕಾಲ ಎಂದು ಏನೋ ಕೂಗಿದರು. ಕಾರಿನ ಬಾಗಿಲು ಎಳೆದು ಹಿಡಿದುಕೊಂಡು ನಿಂತೆ. ಅವಳು ಬರ್ತೀನಿ ಅನ್ನುವ ತನಕ ಬಿಡಲಿಲ್ಲ.